ಒಂದನೇ ತಾರೀಖು ಇಲ್ಲದವರ ಲೆಕ್ಕ

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ನಿಲ್ಲಿಸಿ ಬೀದಿಗೆ ಬಂದರು. ಹೊಸೂರು ರಸ್ತೆ ಕಟ್ಟಿತು, ತುಮಕೂರು ರಸ್ತೆ ಕಟ್ಟಿತು. ಸಂಬಳ ಹೆಚ್ಚಿಸಿ ಎಂದು ಅವರು ಕೂಗಲಿಲ್ಲ. ಕೇಳಿದ್ದು ತಮ್ಮದೇ ಪಿಎಫ್ ಹಣವನ್ನು. ಅದೇ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಕೆಲಸ ಬಿಟ್ಟವರು ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತ್ತು. ಎರಡನೆಯ ದಿನ ಮುಗಿಯುವಷ್ಟರಲ್ಲಿ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಕಾಗದದ ಮೇಲೆ ಆ ನಿಯಮ ತಪ್ಪಾಗಿ ಕಾಣುವುದಿಲ್ಲ. ಪಿಎಫ್ ಇರುವುದೇ ಮುಪ್ಪಿಗಾಗಿ. ಆದರೆ ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಹೊಲಿಗೆ ಹಾಕುವ ಹೆಂಗಸರು ಎಷ್ಟು ಮಂದಿ? ಬೆನ್ನು, ಕಣ್ಣು ಅಷ್ಟು ದೂರ ಬರುವುದಿಲ್ಲ. ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ತೆಗೆದು, ಮಗಳ ಕಾಲೇಜಿನ ಫೀಸು ಕಟ್ಟಿ ಅಥವಾ ಕೈಗಡ ತೀರಿಸಿ, ಮತ್ತೊಂದು ಕಾರ್ಖಾನೆಗೆ ಸೇರುವುದು ಅಲ್ಲಿನ ರೂಢಿ. ಅವರ ಬದುಕಿನಲ್ಲಿ ಒಟ್ಟಾಗಿ ಕೈಗೆ ಬರುವ ಇಡುಗಂಟು ಅದೊಂದೇ. ಸಂಬಳವೇ ಆ ಇಡುಗಂಟನ್ನು ಕಟ್ಟಿಕೊಟ್ಟಿತ್ತು. ಅವರು ಬೇರೆಯಾಗಿ ಉಳಿಸಿರಲಿಲ್ಲ, ಉಳಿಸುವಷ್ಟು ಉಳಿಯುತ್ತಲೂ ಇರಲಿಲ್ಲ.

ಮನೆಯ ಹಣಕಾಸಿನ ಮಾತು ಬಂದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಎಷ್ಟು ಬರುತ್ತದೆ ಎಂಬುದು. ಹೇಗೆ ಬರುತ್ತದೆ, ಯಾವಾಗ ಬರುತ್ತದೆ, ಬರುವ ಮುಂಚೆ ಅದರಿಂದ ಯಾರು ಏನನ್ನು ತೆಗೆದಿಡುತ್ತಾರೆ ಎಂಬ ಪ್ರಶ್ನೆಗಳಿಗೂ ಅಷ್ಟೇ ತೂಕವಿದೆ. ತಿಂಗಳಿಗೆ ಒಂದೇ ಮೊತ್ತ ದುಡಿಯುವ ಮೂವರು, ಒಬ್ಬರು ಕಚೇರಿಯಲ್ಲಿ, ಒಬ್ಬರು ಊರಿನ ಮನೆಯ ಮಾಳಿಗೆಯಲ್ಲಿ ಕುಳಿತು, ಇನ್ನೊಬ್ಬರು ಸ್ವಂತ ಕಸುಬಿನಲ್ಲಿ, ಹತ್ತು ವರ್ಷ ಕಳೆಯುವಷ್ಟರಲ್ಲಿ ಬೇರೆ ಬೇರೆ ಸ್ಥಿತಿಗೆ ಬಂದು ನಿಲ್ಲುತ್ತಾರೆ.

ಮೊದಲು ಸಂಬಳದ ಚೀಟಿಯನ್ನೇ ನೋಡೋಣ. ಕಂಪನಿಯೊಂದು ತಿಂಗಳಿಗೆ 75,000 ರೂಪಾಯಿಯ ಒಟ್ಟು ವೆಚ್ಚದ ಲೆಕ್ಕದಲ್ಲಿ ಒಬ್ಬರನ್ನು ಸೇರಿಸಿಕೊಂಡಿತು ಎಂದುಕೊಳ್ಳಿ. ಮೂಲವೇತನ 30,000. ಅದರ ಶೇ 12, ಅಂದರೆ 3,600 ರೂಪಾಯಿ, ಕಂಪನಿಯ ಪಾಲಿನ ಪಿಎಫ್. ಗ್ರಾಚುಟಿಗೆಂದು ಸುಮಾರು 1,440 ರೂಪಾಯಿ ಎತ್ತಿಡುತ್ತಾರೆ. ನೌಕರರ ಪಾಲಿನ ಪಿಎಫ್ ಮತ್ತೆ 3,600. ಕರ್ನಾಟಕದ ವೃತ್ತಿ ತೆರಿಗೆ 200. ಕೈಗೆ ಬರುವುದು 66,000 ರೂಪಾಯಿಯ ಆಸುಪಾಸು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಮೊದಲ ತಿಂಗಳು ಮನಸ್ಸು ಮುರಿಯುವುದು ಇಲ್ಲೇ: ಒಂಬತ್ತು ಸಾವಿರ ಎಲ್ಲಿ ಹೋಯಿತು?

ಹೋದದ್ದರ ಬಹುಪಾಲು ಅವರದೇ. ಪಿಎಫ್‌ಗೆ 2024-25ನೇ ಸಾಲಿಗೆ ಸಿಕ್ಕ ಬಡ್ಡಿ ಶೇ 8.25. ಕಂಪನಿಯ ಪಾಲಿನಿಂದ 1,250 ರೂಪಾಯಿಯವರೆಗೆ ಪಿಂಚಣಿ ನಿಧಿಗೆ ಹೋಗುತ್ತದೆ. ಆದಾಯ ತೆರಿಗೆಯನ್ನು ಕಂಪನಿಯೇ ಲೆಕ್ಕ ಹಾಕಿ ಕಟ್ಟುತ್ತದೆ. ಜ್ವರ ಬಂದು ನಾಲ್ಕು ದಿನ ಮಲಗಿದರೆ ಆ ನಾಲ್ಕು ದಿನದ ದುಡ್ಡು ನಿಲ್ಲುವುದಿಲ್ಲ. ಗುಂಪು ವಿಮೆ ಇದ್ದರೆ ಆಸ್ಪತ್ರೆಯ ಬಿಲ್ಲಿನ ಭಾರವೂ ಹಗುರ. ತೆರಿಗೆ ಕಟ್ಟುವುದು, ಉಳಿಸುವುದು, ಕಾಯಿಲೆಗೆ ಕಾಪು ಇಡುವುದು, ಕೆಲಸ ಕಡಿಮೆಯಾದ ತಿಂಗಳ ಹೊರೆ ಹೊರುವುದು: ಈ ನಾಲ್ಕು ಕೆಲಸಗಳನ್ನು ಸಂಬಳದಾರರ ಪರವಾಗಿ ಬೇರೆ ಯಾರೋ ಮಾಡುತ್ತಿರುತ್ತಾರೆ. ಅದು ಕಣ್ಣಿಗೆ ಬೀಳದ ಕಾರಣ ಅದರ ಬೆಲೆಯೂ ತಿಳಿಯುವುದಿಲ್ಲ.

ಆ ಬೆಲೆಯನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ನಕ್ಷೆ ಸಾಕು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಅಲ್ಲಿನ ಕಾರ್ಮಿಕರ ಸಂಬಳ ದೊಡ್ಡದಾಗಿರಲಿಲ್ಲ, ಆದರೆ ತಪ್ಪುತ್ತಿರಲಿಲ್ಲ. ತಪ್ಪದ ಸಂಬಳವನ್ನು ನಂಬಿ ನೌಕರರ ಸಹಕಾರ ಸಂಘಗಳು ಸಾಲ ಕೊಟ್ಟವು, ಗೃಹ ನಿರ್ಮಾಣ ಸಂಘಗಳು ಜಮೀನು ಹಿಡಿದು ಸೈಟು ಮಾಡಿದವು, ಕಂತನ್ನು ಸಂಬಳದಲ್ಲೇ ಮುರಿದುಕೊಂಡವು. ಇವತ್ತಿನ ಬಿಇಎಲ್ ಲೇಔಟ್, ಐಟಿಐ ಲೇಔಟ್, ಎಚ್‌ಎಂಟಿ ಲೇಔಟ್‌ಗಳು ಹಾಗೆ ಎದ್ದವು. ಅದೇ ಕಾಲದಲ್ಲಿ ಅವರಿಗಿಂತ ಹೆಚ್ಚು ಗಳಿಸಿದ ಎಷ್ಟೋ ಅಂಗಡಿಯವರು, ಮೇಸ್ತ್ರಿಗಳು ಬಾಡಿಗೆ ಮನೆಯಲ್ಲೇ ಉಳಿದಿರಬಹುದು. ಅವರ ಗಳಿಕೆಗೆ ತಾರೀಖು ಇರಲಿಲ್ಲ.

ಈಗ ಸಂಬಳದ ಚೀಟಿಯ ಒಳಗೇ ಒಂದು ಬದಲಾವಣೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ದಾಟಿದರೆ, ದಾಟಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಮೂಲವೇತನವನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಉಬ್ಬಿಸುವ ಹಳೆಯ ಅಭ್ಯಾಸಕ್ಕೆ ಇದು ಕಡಿವಾಣ. ಮೇಲಿನ ಉದಾಹರಣೆಯಲ್ಲಿ 30,000 ಇದ್ದ ವೇತನ 37,500ರ ಹತ್ತಿರಕ್ಕೆ ಬಂದರೆ, ಐದು ವರ್ಷದ ಗ್ರಾಚುಟಿ ಸುಮಾರು 86,500ರಿಂದ 1,08,000 ರೂಪಾಯಿಗೆ ಏರುತ್ತದೆ. ಗೊತ್ತುಪಡಿಸಿದ ಅವಧಿಗೆ ಸೇರಿದವರಿಗೆ ಒಂದೇ ವರ್ಷಕ್ಕೆ ಗ್ರಾಚುಟಿ ಸಲ್ಲುತ್ತದೆ. ಪಿಎಫ್ ಹೆಚ್ಚಲೇಬೇಕೆಂದಿಲ್ಲ, ಕಡ್ಡಾಯ ಕಡಿತದ ಮಿತಿ 15,000 ರೂಪಾಯಿ ವೇತನಕ್ಕೇ ಇರುವುದರಿಂದ ಅದು ಕಂಪನಿ ಯಾವ ಲೆಕ್ಕದಲ್ಲಿ ಕಟ್ಟುತ್ತದೆ ಎಂಬುದನ್ನು ಅವಲಂಬಿಸಿದೆ. ನೌಕರರು ಇದನ್ನು ಕೇಳಿ ತಿಳಿದುಕೊಳ್ಳಬೇಕು, ಮೌನವಾಗಿದ್ದರೆ ಯಾರೂ ಬಂದು ಹೇಳುವುದಿಲ್ಲ.

ಇನ್ನು ಮನೆಯಿಂದ ಕೆಲಸ. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಪಿಜಿಗಳು ಖಾಲಿಯಾಗಿ, ಲ್ಯಾಪ್‌ಟಾಪ್ ಹೊತ್ತ ಮಕ್ಕಳು ಶಿವಮೊಗ್ಗ, ಹಾಸನ, ಕಲಬುರಗಿ, ಕುಂದಾಪುರದ ಮನೆಗಳಿಗೆ ಮರಳಿದರು. ಅದುವರೆಗೆ ಇಂಥ ಕೆಲಸಕ್ಕೆ ದೂರಸಂಪರ್ಕ ಇಲಾಖೆಯ ಕಟ್ಟುಪಾಡುಗಳಿದ್ದವು. ಕಾಲ್ ಸೆಂಟರ್, ಐಟಿ ಸೇವಾ ಕಂಪನಿಗಳು ನೌಕರರನ್ನು ಮನೆಯಲ್ಲಿ ಕೂರಿಸಿ ದುಡಿಸುವುದು ಸಲೀಸಾಗಿರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಆ ನಿಯಮಗಳನ್ನು ಸಡಿಲಿಸಿದ ಮೇಲೆ ತಾತ್ಕಾಲಿಕ ಏರ್ಪಾಡು ಕಾಯಂ ಸಾಧ್ಯತೆಯಾಯಿತು.

ಮನೆಗಳ ಲೆಕ್ಕ ಆಗ ತಲೆಕೆಳಗಾಯಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯಲು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡುವುದು ಬಹುಕಾಲದ ವಾಡಿಕೆ. ಇಪ್ಪತ್ತು ಸಾವಿರದ ಮನೆಗೆ ಎರಡು ಲಕ್ಷ, ಅದೂ ಬಡ್ಡಿಯಿಲ್ಲದೆ ಮನೆ ಮಾಲೀಕರ ಬಳಿ. ಆ ಎರಡು ಲಕ್ಷ ಮರಳಿ ಬಂದು, ತಿಂಗಳ ಬಾಡಿಗೆ, ಹೋಟೆಲ್ ಊಟ, ಓಡಾಟದ ಖರ್ಚು ಉಳಿದಾಗ ಎಷ್ಟೋ ಮನೆಗಳಲ್ಲಿ ಹಳೆಯ ಸಾಲ ತೀರಿತು, ತೋಟಕ್ಕೆ ಕೊಳವೆಬಾವಿ ಬಂತು, ತಂಗಿಯ ಮದುವೆಗೆ ಸಾಲ ಮಾಡುವುದು ತಪ್ಪಿತು. ಸಂಬಳ ಒಂದು ರೂಪಾಯಿಯೂ ಏರದೆ ಬದುಕು ಹಗುರವಾಯಿತು. ಇದನ್ನು ಕಡಿಮೆ ಎಣಿಸಬಾರದು.

ಆದರೆ ಕಚೇರಿ ಮನೆಗೆ ಬಂದಾಗ ಅದರ ಖರ್ಚೂ ಹಿಂದೆಯೇ ಬರುತ್ತದೆ. ಮಲೆನಾಡಿನಲ್ಲಿ ಮಳೆಗಾಲವೆಂದರೆ ಕರೆಂಟು ಹೋಗುವ ಕಾಲ. ಇನ್‌ವರ್ಟರ್, ಬ್ಯಾಟರಿ, ಎರಡೆರಡು ಇಂಟರ್‌ನೆಟ್ ಸಂಪರ್ಕ, ಬೆನ್ನಿಗೆ ಒಗ್ಗುವ ಕುರ್ಚಿ, ಎಲ್ಲವೂ ನೌಕರರ ಕೈಯಿಂದಲೇ. ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟು ವಿದ್ಯುತ್ ಉಚಿತ. ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಿನವಿಡೀ ಫ್ಯಾನು, ಕಂಪ್ಯೂಟರು ಓಡುವ ಮನೆ ಆ ಗೆರೆಯನ್ನು ದಾಟುವುದು ಕಷ್ಟವೇನಲ್ಲ. ಇನ್ನೊಂದು ಕಡೆ ಕಂಪನಿಗೆ ಆಗುವ ಉಳಿತಾಯವನ್ನೂ ನೋಡಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು. ಕಂಪನಿಗೆ ಒಬ್ಬ ನೌಕರರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2,000 ಡಾಲರ್ ಉಳಿಯಿತು. ಆ ಉಳಿತಾಯದಲ್ಲಿ ಒಂದು ಪಾಲು ಇಂಟರ್‌ನೆಟ್, ವಿದ್ಯುತ್ ಭತ್ಯೆಯಾಗಿ ನೌಕರರ ಮನೆಗೂ ಬರಬೇಕೆಂದು ಕೇಳುವುದು ನ್ಯಾಯವೇ.

ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮನೆಬಾಡಿಗೆ ಭತ್ಯೆಯ ಪೆಟ್ಟೂ ಬಿತ್ತು. ಅಪ್ಪನ ಮನೆಯಲ್ಲಿ ಬಾಡಿಗೆ ಕೊಡದೆ ಇದ್ದವರಿಗೆ ಆ ಭತ್ಯೆಯ ಮೇಲಿನ ವಿನಾಯಿತಿ ಸಿಗುವುದಿಲ್ಲ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ.

ನಿಜವಾದ ಅಪಾಯ ಇರುವುದು ತೆರಿಗೆಯಲ್ಲಲ್ಲ, ಮತ್ತೆ ಕಚೇರಿಗೆ ಬನ್ನಿ ಎಂಬ ಕರೆ ಬರುವ ದಿನದಲ್ಲಿ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರಬೇಕೆಂದಿತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ಒಂದು ಹಂತದವರೆಗಿನ ನೌಕರರಿಗೆ ತಿಂಗಳಿಗೆ ಕನಿಷ್ಠ 10 ದಿನ ಎಂದಿತು. ಅಷ್ಟರಲ್ಲಿ ಊರಿನಲ್ಲಿ ಮನೆ ಕಟ್ಟಲು ಸಾಲ ತೆಗೆದವರು, ಮಗುವನ್ನು ಊರಿನ ಶಾಲೆಗೆ ಸೇರಿಸಿದವರು ಇದ್ದರು. ಅವರಿಗೆ ಊರಿನ ಸಾಲದ ಕಂತು ಹಾಗೇ ಉಳಿದು, ಬೆಂಗಳೂರಿನ ಬಾಡಿಗೆ ಮತ್ತೆ ಸೇರಿತು. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತ್ತು. ಕೆಲಸದ ಆದೇಶಪತ್ರದಲ್ಲಿ ಕಾಯಂ ದೂರದುಡಿಮೆ ಎಂದು ಬರೆದಿಲ್ಲದಿದ್ದರೆ, ಮನೆಯಿಂದ ಉಳಿಯುವ ಹಣವನ್ನು ಹದಿನೈದು ವರ್ಷದ ಸಾಲಕ್ಕೆ ಕಟ್ಟಿಹಾಕುವುದು ಅವಿವೇಕ. ಆ ಉಳಿತಾಯ ಬೇಗ ತೀರುವ ಸಾಲಕ್ಕೆ, ಬೇಕೆಂದಾಗ ಕೈಗೆ ಬರುವ ಠೇವಣಿಗೆ ಹೋಗಲಿ.

ಇಲ್ಲಿಂದ ಮೂರನೆಯವರ ಕಡೆಗೆ. ಸ್ವಂತ ದುಡಿಮೆಗೆ ಇಳಿಯುವ ಐಟಿ ಮಂದಿ ಈಚೆಗೆ ಹೆಚ್ಚಾಗಿ ಆಡುವ ಮಾತು, 'ನನ್ನನ್ನು ನೌಕರನಾಗಿ ಬೇಡ, ಕನ್ಸಲ್ಟೆಂಟ್ ಆಗಿ ತೆಗೆದುಕೊಳ್ಳಿ' ಎಂಬುದು. ಅದರ ಹಿಂದೆ ಗಟ್ಟಿ ಲೆಕ್ಕವಿದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 24 ಲಕ್ಷ ಸಂಬಳ ಪಡೆಯುವವರು 75,000 ರೂಪಾಯಿಯ ಕಡಿತ ಕಳೆದು, ಸೆಸ್ ಸೇರಿ, ಸುಮಾರು 2,92,500 ರೂಪಾಯಿ ತೆರಿಗೆ ಕಟ್ಟಬೇಕು. ಅದೇ 24 ಲಕ್ಷವನ್ನು ವೃತ್ತಿಯ ಶುಲ್ಕವಾಗಿ ಪಡೆಯುವ ವಕೀಲರು, ವೈದ್ಯರು, ಎಂಜಿನಿಯರ್‌ಗಳು, ತಾಂತ್ರಿಕ ಸಲಹೆಗಾರರು, 44ಎಡಿಎ ಎಂದು ಹೆಸರಾದ ಕಲಮಿನ ಪ್ರಕಾರ, ಬಂದದ್ದರಲ್ಲಿ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸಬಹುದು. ಅರ್ಧವೆಂದರೆ 12 ಲಕ್ಷ. 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಹಾಗೆಂದು ಹೆಸರು ಬದಲಿಸಿದ ಮಾತ್ರಕ್ಕೆ ನೌಕರಿ ವೃತ್ತಿಯಾಗುವುದಿಲ್ಲ. ಅದೇ ಮೇಲಧಿಕಾರಿ, ಅದೇ ಹಾಜರಿ, ಅದೇ ರಜೆ ಇದ್ದರೆ ಇಲಾಖೆ ಅದನ್ನು ಸಂಬಳವೆಂದೇ ನೋಡಬಹುದು. ಸೇವೆಯ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು.

ಸುಮಾರು ಮೂರು ಲಕ್ಷ ಉಳಿಯಿತೆಂದು ಖುಷಿಪಡುವ ಮೊದಲು ಆ ಮೂರು ಲಕ್ಷಕ್ಕೆ ಕಾದಿರುವವರ ಪಟ್ಟಿ ನೋಡಬೇಕು. ಮಾಲೀಕರ ಪಾಲಿನ ಪಿಎಫ್ ಇಲ್ಲ. ಗ್ರಾಚುಟಿ ಇಲ್ಲ. ಕೆಲಸ ಬಿಡಿಸುವಾಗ ಮೂರು ತಿಂಗಳ ನೋಟಿಸ್ ಇಲ್ಲ. ಹೆರಿಗೆ ರಜೆಯ ಸಂಬಳ ಇಲ್ಲ. ಆರೋಗ್ಯ ವಿಮೆಯನ್ನು ತಾವೇ ಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18 ಜಿಎಸ್‌ಟಿ ಹೋದದ್ದು ಇಂಥವರಿಗೆ ನಿಜವಾದ ಸಹಾಯ. ವರ್ಷದಲ್ಲಿ ಎರಡು ತಿಂಗಳು ಬಿಲ್ ಮಾಡುವ ಕೆಲಸ ಸಿಗದೆ ಹೋಗಬಹುದು. ಆದ್ದರಿಂದ ತಿಂಗಳಿಗೆ 75,000ದ ನೌಕರಿ ಬಿಟ್ಟವರು ಅದೇ ಮಟ್ಟದಲ್ಲಿ ಇರಬೇಕಾದರೆ ಕೆಲಸವಿರುವ ಪ್ರತಿ ತಿಂಗಳು 90,000 ಕೇಳಬೇಕು, ಅದೂ ಲ್ಯಾಪ್‌ಟಾಪು, ಆಡಿಟರ್ ಫೀಸು ಸೇರಿಸದೆ. ಸ್ವಂತ ಕೆಲಸಕ್ಕೆ ಹೊಸದಾಗಿ ಇಳಿಯುವ ಬಹಳಷ್ಟು ಮಂದಿ ಸಂಬಳವನ್ನು ಮೂವತ್ತರಿಂದ ಭಾಗಿಸಿ ದಿನದ ದರ ಹೇಳಿಬಿಡುತ್ತಾರೆ. ಬಡತನದ ಬಾಗಿಲು ತೆರೆಯುವುದು ಅಲ್ಲಿಂದಲೇ.

ಹಣ ಬರುವ ದಾರಿಯೂ ಬೇರೆ. ನಮ್ಮ ದೇಶದ ಕಂಪನಿಗಳು ವೃತ್ತಿ ಶುಲ್ಕದಲ್ಲಿ ಶೇ 10 ಟಿಡಿಎಸ್ ಮುರಿದುಕೊಂಡೇ ಕೊಡುತ್ತವೆ. 90,000ದ ಹತ್ತು ಬಿಲ್‌ಗಳಲ್ಲಿ ಒಟ್ಟು 90,000 ರೂಪಾಯಿ ಹೀಗೆ ಸರ್ಕಾರದ ಬಳಿ ಕೂರುತ್ತದೆ. ತೆರಿಗೆಯೇ ಇಲ್ಲದವರಿಗೂ ಅದು ರಿಟರ್ನ್ ಸಲ್ಲಿಸಿದ ಮೇಲೆ ವಾಪಸು. ಅಷ್ಟು ದಿನ ಅಂಗಡಿ ಬಾಕಿ ಕಾಯುವುದಿಲ್ಲ. ವಿದೇಶಿ ಕಂಪನಿಗೆ ದುಡಿಯುವವರದು ತಿರುಗಿದ ಕಥೆ. ಅವರಿಗೆ ಟಿಡಿಎಸ್ ಇಲ್ಲ, ಪೂರ್ತಿ ಹಣ ಖಾತೆಗೆ ಬೀಳುತ್ತದೆ. 2014ರಲ್ಲಿ 60 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ 2024ರಲ್ಲಿ 83-84ಕ್ಕೆ ಬಂದಿತ್ತು, ಅದೂ ಅವರ ಪಾಲಿಗೆ ಏರಿಕೆಯೇ. ತೆರಿಗೆ ಬರುವಷ್ಟು ಆದಾಯವಿದ್ದರೆ ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕೆಂಬುದು ಮರೆತುಹೋಗುತ್ತದೆ. ಖಾತೆಯಲ್ಲಿ ಕಾಣುವ ಹಣವೆಲ್ಲ ತನ್ನದೆಂದು ಕಾರು ಕೊಂಡವರು ಬಡ್ಡಿ ಸಮೇತ ತೆರಿಗೆ ಕಟ್ಟಿದ್ದುಂಟು.

ಇನ್ನೂ ಒಂದು ತೊಡಕಿದೆ. ಅರ್ಧ ಆದಾಯ ತೋರಿಸಿ ತೆರಿಗೆ ಉಳಿಸಿದವರು ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಬ್ಯಾಂಕು ನೋಡುವುದೂ ಆ ಅರ್ಧವನ್ನೇ. ಸಂಬಳದಾರರಿಗೆ ಮೂರು ತಿಂಗಳ ಚೀಟಿ ಸಾಕಾಗುವ ಕಡೆ ಇವರಿಗೆ ಎರಡು ಮೂರು ವರ್ಷದ ರಿಟರ್ನ್ ಬೇಕು. 24 ಲಕ್ಷ ದುಡಿದವರು 12 ಲಕ್ಷದವರಾಗಿ ಸಾಲ ಪಡೆಯುತ್ತಾರೆ. ಮನೆ ಕೊಳ್ಳುವ ಆಸೆ ಇರುವವರು ಇದನ್ನು ಎರಡು ವರ್ಷ ಮುಂಚೆಯೇ ಆಡಿಟರ್ ಜೊತೆ ಕೂತು ಮಾತಾಡಬೇಕು.

ಬಿಲ್ ಬಾಕಿ ಉಳಿಸಿಕೊಳ್ಳುವ ಗಿರಾಕಿಗಳಿಗೆ ಕಾನೂನು ಇದೆ. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ಸೇವಾದಾರರಿಗೆ 45 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿಗೆ ಶುಲ್ಕವಿಲ್ಲ.

ಇಷ್ಟೂ ಮಾತು ಓದಿದವರ ಸ್ವಂತ ಉದ್ಯೋಗದ್ದಾಯಿತು. ದೇಶದ ಚಿತ್ರ ಬೇರೆ. 2023-24ರ ಕೇಂದ್ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಶೇ 58.4 ಮಂದಿ ಸ್ವಉದ್ಯೋಗಿಗಳು. ತಿಂಗಳ ಸಂಬಳದವರು ಶೇ 21.7 ಮಾತ್ರ. ರೈತರು, ದರ್ಜಿಗಳು, ಇಸ್ತ್ರಿ ಗಾಡಿಯವರು, ತರಕಾರಿ ಮಾರುವವರು, ಹೋಟೆಲ್ ನಡೆಸುವವರು. ಒಂದನೇ ತಾರೀಖು ಇಲ್ಲದಿರುವುದೇ ನಮ್ಮಲ್ಲಿ ಸಾಮಾನ್ಯ ಸ್ಥಿತಿ.

ಅಂಥವರಿಗಾಗಿ ಕರ್ನಾಟಕ ತನ್ನದೇ ದಾರಿಗಳನ್ನು ಕಂಡುಕೊಂಡಿತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ, ಕೈಮಗ್ಗದ ಬಿಕ್ಕಟ್ಟಿಗೆ ಸಿಕ್ಕಿದ್ದ ನೇಕಾರರಿಗೆ ನೆರವಾಗಲೆಂದು ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ, ಏಜೆಂಟರೇ ಮನೆ ಬಾಗಿಲಿಗೆ, ಅಂಗಡಿ ಗಲ್ಲಾದ ಮುಂದೆ ಬಂದು ಒಯ್ಯುತ್ತಿದ್ದರು. ದಿನದ ಗಳಿಕೆಯವರಿಗೆ ತಿಂಗಳ ಉಳಿತಾಯ ಹೇಳಿದರೆ ನಡೆಯುವುದಿಲ್ಲ, ಹಣ ಬಂದ ದಿನವೇ ಅದರ ಒಂದು ಚೂರು ಮನೆಯಿಂದ ಹೊರಗೆ ಹೋಗಬೇಕು ಎಂಬುದನ್ನು ಆ ಮೂವರು ಅರಿತಿದ್ದರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಸಹಕಾರಿ ಸಂಘಗಳ ಪಿಗ್ಮಿ ಏಜೆಂಟರು ಪೇಟೆಗಳಲ್ಲಿ ಇವತ್ತಿಗೂ ಸಂಜೆ ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ. ವರ್ಷಕ್ಕೊಮ್ಮೆ ಬೆಳೆ ಕಾಣುವ ಅಡಿಕೆ ಬೆಳೆಗಾರರಿಗೆ ಬೇಕಿದ್ದುದು ಇದರ ತಿರುಗುಮುರುಗು: ಒಮ್ಮೆ ಬಂದ ಹಣ ವರ್ಷವಿಡೀ ಒದಗಬೇಕು. 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರರ ಸೇಲ್ ಸೊಸೈಟಿಯಂಥವು ಅಡಿಕೆ ಮಾರಿಕೊಡುತ್ತ, ಬೆಳೆಯ ಮೇಲೆ ಮುಂಗಡ ಕೊಡುತ್ತ ಆ ಕೆಲಸ ಮಾಡಿದವು.

ಹೊಸ ಕಾಲದ ಮೊಬೈಲ್ ಹಣ ಇವರ ಲೆಕ್ಕವನ್ನು ಬೇರೆ ರೀತಿಯಲ್ಲಿ ಬಯಲಿಗೆ ತಂದಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಬಂದಿದೆ, 29 ಲಕ್ಷ ತೆರಿಗೆ ಕಟ್ಟಿ ಎಂದು ನೋಟಿಸ್ ಬಂದದ್ದು ಊರೆಲ್ಲ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಬೋರ್ಡುಗಳು ಕಾಣಿಸಿಕೊಂಡವು. ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಗದ್ದಲ ತಣ್ಣಗಾಯಿತು. ಬಂದ ಹಣವೆಲ್ಲ ಲಾಭವಲ್ಲ ಎಂಬುದು ವ್ಯಾಪಾರಿಗೆ ಗೊತ್ತು. ಅದನ್ನು ತೋರಿಸುವ ಖರೀದಿ ಚೀಟಿಗಳು ಮಾತ್ರ ಅನೇಕರ ಬಳಿ ಇರುವುದಿಲ್ಲ. ವ್ಯಾಪಾರದ ಹಣಕ್ಕೆ ಒಂದು ಖಾತೆ, ಮನೆಯ ಹಣಕ್ಕೆ ಇನ್ನೊಂದು ಖಾತೆ ಇಟ್ಟು, ಮಂಡಿಯ ಚೀಟಿಗಳನ್ನು ಒಂದು ಚೀಲದಲ್ಲಿ ಕೂಡಿಟ್ಟರೆ ಇಂಥ ದಿನ ಎದೆ ನಡುಗದೆ ನಿಲ್ಲಬಹುದು.

ನೌಕರಿಯೂ ಅಲ್ಲದ, ಸ್ವಂತ ವ್ಯಾಪಾರವೂ ಅಲ್ಲದ ಒಂದು ವರ್ಗ ಈ ನಡುವೆ ದೊಡ್ಡದಾಗಿದೆ. ಊಟ ತಲುಪಿಸುವವರು, ಆ್ಯಪ್ ನಂಬಿ ಆಟೊ, ಕ್ಯಾಬ್ ಓಡಿಸುವವರು. ನೀತಿ ಆಯೋಗದ 2022ರ ವರದಿಯ ಅಂದಾಜಿನಲ್ಲಿ 2020-21ಕ್ಕೆ ದೇಶದಲ್ಲಿ ಇವರು 77 ಲಕ್ಷ, 2029-30ಕ್ಕೆ 2.35 ಕೋಟಿ. ಗಾಡಿಯ ಸಾಲ ತಿಂಗಳದ್ದು, ಪೆಟ್ರೋಲು ದಿನದ್ದು, ಗಳಿಕೆ ಗಂಟೆಯದ್ದು. ಮೈಗೆ ಪೆಟ್ಟಾದರೆ ಮೂರೂ ಒಟ್ಟಿಗೆ ಕಚ್ಚುತ್ತವೆ.

2023ರಲ್ಲಿ ರಾಜಸ್ಥಾನ ಇವರಿಗಾಗಿ ಮೊದಲ ಕಾಯ್ದೆ ಮಾಡಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಕಾಯ್ದೆಯಾಗಿಸಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕಾರಣ ಹೇಳದೆ, 14 ದಿನದ ನೋಟಿಸ್ ಕೊಡದೆ ತೆಗೆದುಹಾಕುವಂತಿಲ್ಲ. ಗಂಭೀರ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಪ್ರತಿ ಕಾರ್ಮಿಕರಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಬೆಳಿಗ್ಗೆ ಒಂದು ಆ್ಯಪ್, ರಾತ್ರಿ ಇನ್ನೊಂದು ಆ್ಯಪ್‌ನಲ್ಲಿ ದುಡಿದರೂ ಸಂಖ್ಯೆ ಅದೇ. ತಿಂಗಳ ಸಂಬಳದ ಚೀಟಿಗೆ ಅಂಟಿಕೊಂಡಿದ್ದ ಭದ್ರತೆಯನ್ನು ಬಿಡಿಸಿ, ಒಂದೊಂದು ಡೆಲಿವರಿಗೆ, ಒಂದೊಂದು ಟ್ರಿಪ್ಪಿಗೆ ಹೊಲಿಯುವ ಪ್ರಯತ್ನ ಇದು. ಆ ನಿಧಿಯಿಂದ ಅಪಘಾತಕ್ಕೆ ಎಷ್ಟು, ಹೆರಿಗೆಗೆ ಎಷ್ಟು, ಮುಪ್ಪಿಗೆ ಎಷ್ಟು ಎಂದು ಗೊತ್ತುಮಾಡುವ ಹೊಣೆ ಕಲ್ಯಾಣ ಮಂಡಳಿಯದು. ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೂ ಸ್ಥಾನವಿದೆ. ಬೆಂಗಳೂರಿನ ಹೋಟೆಲುಗಳ ಮುಂದೆ ಆರ್ಡರಿಗಾಗಿ ಬೈಕಿನ ಮೇಲೆ ಕಾಯುವವರು ಮೊದಲು ಮಾಡಬೇಕಾದದ್ದು ಆ ಸಂಖ್ಯೆಗೆ ತಮ್ಮ ಹೆಸರು ಸೇರಿದೆಯೇ ಎಂದು ವಿಚಾರಿಸುವುದು.